ಆದೇಶವಿಲ್ಲದ ಏಕಾಂತ: ಉಮೇಶ್ ರೆಡ್ಡಿಯ ಹಿಂಡಲಗಾ ಸೆರೆವಾಸ

2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಬಿ.ಎ. ಉಮೇಶ್ ಎಂಬ ಕೈದಿಯ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಚಿತ್ರದುರ್ಗ ಸೀಮೆಯವರಿಗೆ ಆತ ಉಮೇಶ್ ರೆಡ್ಡಿ. ಆತ ನಿರಪರಾಧಿ ಎಂದಾಗಲಿ, ಅವನ ಅಪರಾಧ ಹಗುರವಾದದ್ದೆಂದಾಗಲಿ ನ್ಯಾಯಪೀಠ ಹೇಳಲಿಲ್ಲ. ಸುಮಾರು ಹತ್ತು ವರ್ಷ ಆತನನ್ನು ಒಂಟಿ ಕೋಣೆಯಲ್ಲಿ ಕೂಡಿಹಾಕಿದ್ದು ಕಾನೂನುಬಾಹಿರ ಎಂದಿತು. ಆ ಕೋಣೆಯಿಂದ ಕೈದಿಯೊಬ್ಬನಿಗಷ್ಟೇ ಕೇಡಾಗಲಿಲ್ಲ. ಕೊಲೆಯಾದ ಹೆಣ್ಣುಮಗಳ ಪರವಾಗಿ ವರ್ಷಗಟ್ಟಲೆ ನಡೆದ ಮೊಕದ್ದಮೆಯ ತೀರ್ಪನ್ನೂ ಅದು ಬದಲಿಸಿತು ಎಂಬುದು ಈ ಲೇಖನದ ವಾದ.

ಉಮೇಶ್ ಚಿತ್ರದುರ್ಗ ಜಿಲ್ಲೆಯವನು. ಕೇಂದ್ರ ಮೀಸಲು ಪೊಲೀಸ್ ಪಡೆಯಲ್ಲಿದ್ದಾಗ ಜಮ್ಮು-ಕಾಶ್ಮೀರದಲ್ಲಿ ಅಧಿಕಾರಿಯೊಬ್ಬರ ಮಗಳ ಮೇಲೆ ಅತ್ಯಾಚಾರಕ್ಕೆ ಯತ್ನಿಸಿ ಊರಿಗೆ ಓಡಿಬಂದ. ಆ ಸಂಗತಿಯನ್ನು ಮುಚ್ಚಿಟ್ಟು 1996ರಲ್ಲಿ ಚಿತ್ರದುರ್ಗದ ಜಿಲ್ಲಾ ಸಶಸ್ತ್ರ ಮೀಸಲು ಪಡೆಗೆ, ಜನ ಡಿ.ಎ.ಆರ್. ಎನ್ನುವ ಪಡೆಗೆ, ಸೇರಿಕೊಂಡ. ಕೈದಿಗಳನ್ನು ಜೈಲಿನಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ತಾಲ್ಲೂಕು ಕೋರ್ಟುಗಳಿಗೆ ಬೆಂಗಾವಲಿನಲ್ಲಿ ಕರೆದೊಯ್ದು ತರುವುದು ಇದೇ ಪಡೆಯ ಕೆಲಸ. ಆ ವರ್ಷದ ಕೊನೆಗೆ ಅವನ ದಾಳಿಯಿಂದ ತಪ್ಪಿಸಿಕೊಂಡಿದ್ದ ಬಾಲಕಿ, 1997ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ ಸಮವಸ್ತ್ರ ತೊಟ್ಟು ನಿಂತಿದ್ದವನನ್ನು ಗುರುತಿಸಿದಳು. ಬಂಧಿತನಾದವನು ಮಾರ್ಚ್‌ನಲ್ಲಿ ಬಳ್ಳಾರಿ-ಹಿರಿಯೂರು ಹಾದಿಯಲ್ಲಿ ಪೊಲೀಸರ ಕಣ್ತಪ್ಪಿಸಿ ಪರಾರಿಯಾದ. ಬೆಂಗಾವಲಿನ ಒಳಹೊರಗು ಅವನಿಗೆ ಗೊತ್ತಿತ್ತು ಎಂದುಕೊಳ್ಳಲು ಅಡ್ಡಿಯಿಲ್ಲ.

1998ರ ಫೆಬ್ರವರಿ 28ರಂದು ಬೆಂಗಳೂರಿನ ಪೀಣ್ಯದಲ್ಲಿ ವಿಧವೆಯೊಬ್ಬರ ಮನೆಗೆ ನುಗ್ಗಿ ಅತ್ಯಾಚಾರ ಎಸಗಿ ಕೊಂದ. ಮನೆಗೆ ಬಂದ ಅವರ ಏಳು ವರ್ಷದ ಮಗನಿಗೆ, ಅಮ್ಮನಿಗೆ ದೆವ್ವ ಹಿಡಿದಿದೆ, ಕಟ್ಟಿಹಾಕಿದ್ದೇನೆ, ಡಾಕ್ಟರನ್ನು ಕರೆತರುತ್ತೇನೆ ಎಂದು ಹೇಳಿ ಹೊರಟುಹೋದ. ಆ ಮಗುವೇ ಮುಂದೆ ಕೋರ್ಟಿನಲ್ಲಿ ಅವನನ್ನು ಗುರುತಿಸಿತು. ಈ ಪ್ರಕರಣವನ್ನು ಕುರಿತು ಯಾರು ಏನೇ ಬರೆದರೂ ಆ ಮಗುವಿನ ಸಾಕ್ಷ್ಯವನ್ನು ಬದಿಗಿಟ್ಟು ಬರೆಯಬಾರದು.

2006ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯ ಗಲ್ಲು ವಿಧಿಸಿತು. ಅದರ ಬೆನ್ನಿಗೇ ಆತನನ್ನು ಬೆಳಗಾವಿಯ ಹಿಂಡಲಗಾ ಕೇಂದ್ರ ಕಾರಾಗೃಹಕ್ಕೆ ಸಾಗಿಸಿ ಒಂಟಿ ಕೋಣೆಗೆ ಹಾಕಲಾಯಿತು. ಸೆಷನ್ಸ್ ಕೋರ್ಟ್ ಬರೆದ ಗಲ್ಲು ಶಿಕ್ಷೆ ಹೈಕೋರ್ಟ್ ದೃಢಪಡಿಸುವವರೆಗೆ ಜಾರಿಯಾಗುವಂತಿಲ್ಲ. ಹೈಕೋರ್ಟಿನಲ್ಲಿ 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು: ಒಬ್ಬರು ಗಲ್ಲು ಸರಿ ಎಂದರೆ ಇನ್ನೊಬ್ಬರು ಜೀವಾವಧಿ ಸಾಕು ಎಂದರು. ಮೂರನೆಯ ನ್ಯಾಯಮೂರ್ತಿಯ ಅಭಿಪ್ರಾಯದಿಂದ ಗಲ್ಲು ಖಾಯಂ ಆದದ್ದು 2009ರ ಫೆಬ್ರವರಿಯಲ್ಲಿ. ಅಂದರೆ, ಬದುಕಬೇಕೋ ಸಾಯಬೇಕೋ ಎಂಬುದನ್ನು ಹೈಕೋರ್ಟ್ ಇನ್ನೂ ತೀರ್ಮಾನಿಸದೆ ಇದ್ದ ಎರಡು ವರ್ಷಕ್ಕೂ ಹೆಚ್ಚು ಕಾಲ ಆತ ಜೈಲಿನವರ ಲೆಕ್ಕದಲ್ಲಿ ಆಗಲೇ ಗಲ್ಲು ಕೈದಿ.

ಕಾನೂನು ಈ ವಿಷಯದಲ್ಲಿ ಮೊದಲಿನಿಂದಲೂ ಸ್ಪಷ್ಟವಾಗಿದೆ. ಭಾರತೀಯ ದಂಡ ಸಂಹಿತೆಯ 73 ಮತ್ತು 74ನೆಯ ಕಲಮುಗಳಂತೆ ಏಕಾಂತ ಸೆರೆವಾಸ ವಿಧಿಸುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ. ಅದೂ ಒಟ್ಟು ಮೂರು ತಿಂಗಳು ಮೀರಬಾರದು, ಒಮ್ಮೆಗೆ 14 ದಿನ ದಾಟಬಾರದು. ಜೈಲು ಅಧಿಕಾರಿಗಳು ಆಧಾರವಾಗಿ ತೋರಿಸುವುದು 1894ರ ಕಾರಾಗೃಹ ಕಾಯ್ದೆಯ 30ನೆಯ ಕಲಮನ್ನು. ಮರಣದಂಡನೆಗೆ ಗುರಿಯಾದವನನ್ನು ಬೇರೆ ಕೋಣೆಯಲ್ಲಿ ಕಾವಲಿನಲ್ಲಿಡಬೇಕು ಎನ್ನುತ್ತದೆ ಅದು. 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದರ ಅರ್ಥವನ್ನು ಬಿಡಿಸಿ ಹೇಳಿತ್ತು. ಮೇಲ್ಮನವಿ, ಕ್ಷಮಾದಾನದ ಅರ್ಜಿಗಳೆಲ್ಲ ಮುಗಿದು ಗಲ್ಲು ಇನ್ನು ಜಾರಿಯಾಗಬಹುದು ಎಂಬ ಹಂತ ಬಂದಾಗಷ್ಟೇ ಈ ಕಲಮು ಅನ್ವಯಿಸುತ್ತದೆ. ಆಗಲೂ ಕಾವಲು ಹಾಕಬಹುದೇ ಹೊರತು ಪುಸ್ತಕ, ಪತ್ರಿಕೆ, ಭೇಟಿಗಳನ್ನು ಕಿತ್ತುಕೊಂಡು ಮನುಷ್ಯ ಸಂಪರ್ಕದಿಂದ ದೂರವಿಡುವಂತಿಲ್ಲ.

ಉಮೇಶ್‌ನ ವಿಷಯದಲ್ಲಿ ರಾಷ್ಟ್ರಪತಿಗಳು ಕ್ಷಮಾದಾನ ನಿರಾಕರಿಸಿದ್ದು 2013ರ ಮೇ ತಿಂಗಳಲ್ಲಿ. ಆದ್ದರಿಂದ ಸುಪ್ರೀಂ ಕೋರ್ಟ್ ಏಕಾಂತದ ಅವಧಿಯನ್ನು ಎರಡಾಗಿ ಒಡೆದು ನೋಡಿತು: 2006ರಿಂದ 2013ರವರೆಗೆ ಒಂದು, 2013ರಿಂದ 2016ರವರೆಗೆ ಇನ್ನೊಂದು. ಮೊದಲ ಅವಧಿಗೆ ಯಾವ ಕಾನೂನಿನ ಆಸರೆಯೂ ಇರಲಿಲ್ಲ. ಏಕಾಂತದಿಂದ ಕೈದಿಯ ಮನಸ್ಸು ಹದಗೆಟ್ಟಿದ್ದಕ್ಕೆ ಜೈಲಿನ ವೈದ್ಯಾಧಿಕಾರಿಯ ಪತ್ರವೇ ಸಾಕ್ಷಿಯಾಯಿತು. ಜನರ ದನಿಯಿಲ್ಲದ ಕೋಣೆಯಲ್ಲಿ ವರ್ಷಾನುಗಟ್ಟಲೆ ಇದ್ದವರಿಗೆ ನಿದ್ದೆ ಕೆಡುತ್ತದೆ, ಹೊತ್ತಿನ ಅಂದಾಜು ತಪ್ಪುತ್ತದೆ, ಸಣ್ಣ ಸದ್ದೂ ಸಹಿಸಲಾಗದು. ವಿಶ್ವಸಂಸ್ಥೆಯ 2015ರ ಮಂಡೇಲಾ ನಿಯಮಗಳು ಸತತ 15 ದಿನಗಳನ್ನು ಮೀರಿದ ಏಕಾಂತವನ್ನು ನಿಷೇಧಿಸಿರುವುದು ಇದೇ ಕಾರಣಕ್ಕೆ.

ಜೈಲಿನವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಪೊಲೀಸರ ಕೈಯಿಂದ ತಪ್ಪಿಸಿಕೊಂಡವನನ್ನು ಸಾಮಾನ್ಯ ಬ್ಯಾರಕ್ಕಿನಲ್ಲಿ ಬಿಡಲು ಯಾವ ಅಧಿಕಾರಿಗೂ ಧೈರ್ಯ ಬರದು. ಆದರೆ ಓಡಿಹೋಗದಂತೆ ಕಾಯುವುದು ಬೇರೆ, ಮಾತನಾಡಲು ಒಬ್ಬರೂ ಇಲ್ಲದಂತೆ ಮಾಡುವುದು ಬೇರೆ. ಎರಡನೆಯದು ಶಿಕ್ಷೆ, ಆ ಶಿಕ್ಷೆಯನ್ನು ಯಾವ ನ್ಯಾಯಾಧೀಶರೂ ಬರೆದಿರಲಿಲ್ಲ.

ಇದೇ ಹಿಂಡಲಗಾದಲ್ಲಿದ್ದ ವೀರಪ್ಪನ್‌ನ ನಾಲ್ವರು ಸಹಚರರ ಗಲ್ಲು 2014ರ ಜನವರಿಯಲ್ಲಿ ರದ್ದಾದದ್ದು ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆತಿದ್ದರಿಂದ. ಉಮೇಶ್‌ನ ಅರ್ಜಿಯ ವಿಲೇವಾರಿ ಅಷ್ಟೇನೂ ತಡವಾಗಿರಲಿಲ್ಲ. ಏಕಾಂತ ಸೆರೆವಾಸ ಇಲ್ಲದಿದ್ದರೆ 2011ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದ್ದ ಗಲ್ಲು ಉಳಿಯುವ ಸಾಧ್ಯತೆ ಹೆಚ್ಚಿತ್ತು. ಗಲ್ಲು ಬೇಕೇ ಬೇಡವೇ ಎಂಬ ಚರ್ಚೆ ಏನೇ ಇರಲಿ, ಮೂರು ಹಂತದ ನ್ಯಾಯಾಲಯಗಳು ಸಾಕ್ಷ್ಯ ತೂಗಿ ಕೊಟ್ಟ ತೀರ್ಪು ಜೈಲಿನ ರೂಢಿಯೊಂದರಿಂದ ಬಿದ್ದುಹೋದದ್ದು ಸಂತ್ರಸ್ತ ಕುಟುಂಬಕ್ಕೆ ಆದ ಅನ್ಯಾಯ.

2025ರ ನವೆಂಬರ್‌ನಲ್ಲಿ ಉಮೇಶ್ ರೆಡ್ಡಿ ಮತ್ತೆ ಸುದ್ದಿಯಾದ. ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನೊಳಗೆ ಆತ ಮೊಬೈಲ್ ಬಳಸುತ್ತಿರುವುದನ್ನು ತೋರಿಸುವ ವಿಡಿಯೊ ಸುದ್ದಿವಾಹಿನಿಗಳಲ್ಲಿ ಪ್ರಸಾರವಾಯಿತು, ಸರ್ಕಾರ ಅಧಿಕಾರಿಗಳ ಮೇಲೆ ಕ್ರಮ ಜರುಗಿಸಿತು. ಒಂದು ಜೈಲಿನಲ್ಲಿ ಕಾನೂನು ಮೀರಿದ ಕಠೋರತೆ, ಇನ್ನೊಂದರಲ್ಲಿ ಕಾನೂನು ಮೀರಿದ ಸಡಿಲಿಕೆ. ದಂಡ ಸಂಹಿತೆಯ ಹಳೆಯ ಎರಡು ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 11 ಮತ್ತು 12ನೆಯ ಕಲಮುಗಳಾಗಿ ಹಾಗೆಯೇ ಮುಂದುವರಿದಿವೆ. ಉಮೇಶ್‌ನ ಶಿಕ್ಷೆಗೂ ಮಿತಿ ಹಾಕಲಾಗಿದೆ: 30 ವರ್ಷ ಪೂರ್ತಿ ಕಳೆಯುವವರೆಗೆ ಬಿಡುಗಡೆಯ ಅರ್ಜಿಯನ್ನು ಪರಿಗಣಿಸುವಂತಿಲ್ಲ, ಆಮೇಲೂ ಮಾಫಿ ಸಿಗದಿದ್ದರೆ ಆತ ಬದುಕಿರುವಷ್ಟು ಕಾಲ ಜೈಲಿನಲ್ಲೇ ಇರಬೇಕು.