ಅಗಲದ ಲೆಕ್ಕ

ಹೊಲ ಕೊಳ್ಳುವವನು ಅದರ ಉದ್ದವೊಂದನ್ನೇ ಕೇಳಿ ಹಣ ಎಣಿಸುವುದಿಲ್ಲ. ಎಷ್ಟು ಎಕರೆ, ಎಷ್ಟು ಗುಂಟೆ ಎಂದು ವಿಚಾರಿಸುತ್ತಾನೆ. ಕಂಪ್ಯೂಟರಿನ ಪರದೆ ಕೊಳ್ಳುವಾಗ ಮಾತ್ರ ನಮಗೆ ಈ ವಿವೇಕ ಸಾಲದು. ‘ಅಲ್ಟ್ರಾವೈಡ್’ ಎಂಬ ಹೆಸರು ಕಿವಿಗೆ ಬಿದ್ದೊಡನೆ, ಅಗಲವಾದದ್ದೆಲ್ಲ ಅಧಿಕವೆಂದು ನಂಬಿಬಿಡುತ್ತೇವೆ. ಈ ಮೋಹದ ಬೇರು ಕಂಪ್ಯೂಟರಿನಲ್ಲಿಲ್ಲ, ಚಿತ್ರಮಂದಿರದಲ್ಲಿದೆ ಎಂದು ನನ್ನ ಎಣಿಕೆ.

ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಿಕ್ಸನ್ 1890ರ ದಶಕದ ಆರಂಭದಲ್ಲಿ ರೂಪಿಸಿದ 35 ಮಿಲಿಮೀಟರ್ ಫಿಲ್ಮಿನ ಚಿತ್ರ, ನಾಲ್ಕು ಪಾಲು ಅಗಲಕ್ಕೆ ಮೂರು ಪಾಲು ಎತ್ತರದ್ದು. ಅಮೆರಿಕದ ಟೆಲಿವಿಷನ್ ಕೂಡ ಅದೇ ಪ್ರಮಾಣವನ್ನು ಹಿಡಿಯಿತು. ಜನ ಮನೆಯಲ್ಲೇ ಕುಳಿತು ನೋಡತೊಡಗಿದಾಗ ಚಿತ್ರಮಂದಿರಗಳು ಬರಿದಾದವು. ಮನೆಯಲ್ಲಿ ಸಿಗದುದನ್ನು ಕೊಡಬೇಕೆಂದು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ 1953ರಲ್ಲಿ ‘ದಿ ರೋಬ್’ ಚಿತ್ರವನ್ನು ಸಿನಿಮಾಸ್ಕೋಪಿನಲ್ಲಿ ತೆರೆಗೆ ತಂದಿತು. ಫ್ರಾನ್ಸಿನ ಆನ್ರಿ ಕ್ರೇತ್ಯಾನ್ ಹಿಂದೆಯೇ ಕಂಡುಹಿಡಿದಿದ್ದ ಮಸೂರವೇ ಅದರ ಗುಟ್ಟು. ಅದು ವಿಶಾಲ ದೃಶ್ಯವನ್ನು ಫಿಲ್ಮಿನ ಮೇಲೆ ಒತ್ತರಿಸಿ ಕೂಡಿಸುತ್ತಿತ್ತು. ಪ್ರದರ್ಶನದಲ್ಲಿ ಇನ್ನೊಂದು ಮಸೂರ ಅದನ್ನು ಹರಡುತ್ತಿತ್ತು. ವಾಚಕರು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು: ಪರದೆ ಹಿಗ್ಗಿತು, ಫಿಲ್ಮು ಹಿಗ್ಗಲಿಲ್ಲ.

ಈ ಅಗಲ ನಮ್ಮಲ್ಲಿಗೂ ಬಂತು. 1959ರಲ್ಲಿ ಹಿಂದಿಯ ‘ಕಾಗಜ್ ಕೆ ಫೂಲ್’, 1977ರಲ್ಲಿ ಕನ್ನಡದ ‘ಸೊಸೆ ತಂದ ಸೌಭಾಗ್ಯ’ ಸಿನಿಮಾಸ್ಕೋಪಿನಲ್ಲಿ ಬಂದವು. ಮುಂದೆ 2009ರಲ್ಲಿ ಫಿಲಿಪ್ಸ್ ಸಂಸ್ಥೆ ಸಿನಿಮಾದ ಅಳತೆಗೆ ಹೊಂದುವ 21:9ರ ಟೆಲಿವಿಷನ್ನನ್ನು ಮಾರಾಟಕ್ಕಿಟ್ಟಿತು. ಕೆಲವೇ ವರ್ಷಗಳಲ್ಲಿ ಆ ಆಕಾರ ಬರೆಯುವ ಮೇಜಿಗೂ ಬಂದು ಕುಳಿತಿತು.

ಈಗ ಚುಕ್ಕೆಗಳನ್ನು ಎಣಿಸೋಣ. ರಂಗೋಲಿ ಇಡುವ ಹೆಣ್ಣುಮಕ್ಕಳಿಗೆ ಈ ಗಣಿತ ಹೊಸದಲ್ಲ: ಸಾಲೆಷ್ಟು, ಸಾಲಿಗೆ ಚುಕ್ಕೆಯೆಷ್ಟು. ಪರದೆಯ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಸಾಮಾನ್ಯ 1920×1080ರ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳು. ಅಲ್ಟ್ರಾವೈಡ್‌ಗಳಲ್ಲಿ ಕಿರಿಯದಾದ 2560×1080ರಲ್ಲಿ 27,64,800. ಅಂದರೆ ಮೂರನೆಯ ಒಂದು ಪಾಲು ಹೆಚ್ಚು. 3440×1440ರಲ್ಲಿ 49,53,600. 3840×1600ರಲ್ಲಿ 61,44,000. ಇವು ಮೂರಕ್ಕೂ ಅಂಗಡಿಯಲ್ಲಿ 21:9 ಎಂದೇ ಹೆಸರು. ಭಾಗಿಸಿ ನೋಡಿದರೆ ಒಂದೂ ಆ ಪ್ರಮಾಣಕ್ಕೆ ಸರಿಯಾಗಿ ಕೂಡುವುದಿಲ್ಲ. ಇನ್ನೂ ನೀಳವಾದ 5120×1440ರಲ್ಲಿ 73,72,800.

ಹೀಗಿದ್ದೂ, ‘4ಕೆ’ ಎಂದು ಕರೆಯುವ 3840×2160ರ ಪರದೆಯಲ್ಲಿ 82,94,400 ಪಿಕ್ಸೆಲ್‌ಗಳಿವೆ! ಅಡ್ಡಸಾಲಿನಲ್ಲಿ 1,280 ಚುಕ್ಕೆ ಮುಂದಿರುವ 5120ರ ಪರದೆ ಒಟ್ಟು ಲೆಕ್ಕದಲ್ಲಿ 9,21,600 ಹಿಂದೆ ಬೀಳುತ್ತದೆ. ಅಂಗುಲದ ಮಾತೂ ಹೀಗೆಯೇ. ಅಂಗುಲವನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. 34 ಅಂಗುಲದ ಅಲ್ಟ್ರಾವೈಡ್, ಅಷ್ಟೇ ಅಂಗುಲದ 16:9ರ ಪರದೆಗಿಂತ ವಿಸ್ತೀರ್ಣದಲ್ಲಿ ಸುಮಾರು ಆರನೆಯ ಒಂದು ಪಾಲು ಕಡಿಮೆ. ಅದರ ಎತ್ತರ 27 ಅಂಗುಲದ ಸಾಮಾನ್ಯ ಪರದೆಯಷ್ಟೇ.

ಹಾಗೆಂದು ಅಗಲವನ್ನು ಹಳಿಯುವವನು ನಾನಲ್ಲ. ಮೂಲವನ್ನು ಎಡಕ್ಕೂ ಅನುವಾದವನ್ನು ಬಲಕ್ಕೂ ಇಟ್ಟುಕೊಂಡು ಕೆಲಸ ಮಾಡುವ ನನ್ನಂಥವರಿಗೆ ಅದು ದೊಡ್ಡ ಉಪಕಾರ. ಪಿಕ್ಸೆಲ್ ಕಡಿಮೆಯಾದಷ್ಟೂ ಚಿತ್ರ ಬಿಡಿಸುವ ಯಂತ್ರಭಾಗಕ್ಕೆ ದುಡಿಮೆಯೂ ಕಡಿಮೆ. ಆದರೆ ಸಣ್ಣ ಅಕ್ಷರ ನುಣುಪಾಗಿ ಕಾಣಬೇಕೆನ್ನುವವರು, ಉದ್ದನೆಯ ಪುಟವನ್ನು ಒಮ್ಮೆಗೇ ಓದಬೇಕೆನ್ನುವವರು ಎತ್ತರವನ್ನೂ ಕೇಳಿ ತಿಳಿಯಲಿ. ಹೆಸರನ್ನಿಟ್ಟವರು ವ್ಯಾಪಾರಿಗಳು, ಗುಣಿಸಿ ನೋಡುವ ಹೊಣೆ ಕೊಳ್ಳುವವರದು.