ಕೊಲ್ಹಾಪುರದ ಶಿಲಾಹಾರರು: ಏಳಿಗೆ ಮತ್ತು ಅಳಿವು

ನಮ್ಮ ನಾಂದಣಿ ಇರುವ ಶಿರೋಳ ತಾಲೂಕಿನಲ್ಲಿಯೇ, ಕೃಷ್ಣೆಯ ದಂಡೆಯ ಮೇಲೆ ಖಿದ್ರಾಪುರವಿದೆ. ಅಲ್ಲಿಯ ಕೋಪೇಶ್ವರ ದೇವಾಲಯ ಶಿಲಾಹಾರರ ಕಾಲದ ನಿರ್ಮಾಣ. ಆದರೆ ಅದರ ದಕ್ಷಿಣ ದ್ವಾರದ ಬಳಿಯಿರುವ 1214ರ ದಾನಶಾಸನ ದೇವಗಿರಿಯ ಯಾದವ ಸಿಂಘಣನದು. ಕಟ್ಟಿದ ವಂಶ ಒಂದು, ಹೆಸರು ಕೆತ್ತಿಸಿದ ವಂಶ ಮತ್ತೊಂದು. ನಮ್ಮ ನೆಲವನ್ನು ಎರಡೂವರೆ ಶತಮಾನಕ್ಕೂ ಮಿಕ್ಕಿ ಆಳಿದ ಮನೆತನದ ಏಳುಬೀಳು ಈ ಒಂದೇ ಗುಡಿಯಲ್ಲಿ ಅಡಗಿದೆ.

ಶಿಲಾಹಾರರು ತಮ್ಮನ್ನು ಜೀಮೂತವಾಹನನ ವಂಶಜರೆಂದೂ ತಗರಪುರದ ಅಧೀಶ್ವರರೆಂದೂ ಕರೆದುಕೊಂಡರು. ನಾಗನೊಬ್ಬನ ಪ್ರಾಣ ಉಳಿಸಲು ತನ್ನ ದೇಹವನ್ನೇ ಗರುಡನಿಗೆ ಒಪ್ಪಿಸಿದ ತ್ಯಾಗಿ ಜೀಮೂತವಾಹನ. ಇವರ ಧ್ವಜದ ಲಾಂಛನ ಸುವರ್ಣಗರುಡ. ಆರಾಧ್ಯದೇವತೆ ಕೊಲ್ಹಾಪುರದ ಮಹಾಲಕ್ಷ್ಮಿ. ಹತ್ತನೆಯ ಶತಮಾನದಲ್ಲಿ ತಲೆಯೆತ್ತಿದ ಈ ಶಾಖೆ ಮುಂದೆ ಕಲ್ಯಾಣದ ಚಾಲುಕ್ಯರ ಸಾಮಂತವಾಗಿ ಬೆಳೆಯಿತು. ಶಿಲಾಹಾರ ರಾಜಕುಮಾರಿ ಚಂದ್ರಲೇಖೆ ಆರನೆಯ ವಿಕ್ರಮಾದಿತ್ಯನನ್ನು ವರಿಸಿದುದನ್ನು ಬಿಲ್ಹಣ ಕವಿ ವರ್ಣಿಸಿದ್ದಾನೆ.

ವಂಶದ ಕೀರ್ತಿ ಗಂಡರಾದಿತ್ಯನ ಕಾಲದಲ್ಲಿ ಎತ್ತರಕ್ಕೇರಿತು. ಅವನು ಮಿರಜೆಯ ನಾಡಿನಲ್ಲಿ ಗಂಡಸಮುದ್ರವೆಂಬ ಕೆರೆಯನ್ನು ಕಟ್ಟಿಸಿ, ಅದರ ದಡದಲ್ಲಿ ಶಿವ, ಬುದ್ಧ, ಜಿನ ಮೂವರನ್ನೂ ಪ್ರತಿಷ್ಠಾಪಿಸಿದನೆಂದು 1110ರ ತಾಮ್ರಶಾಸನ ಹೇಳುತ್ತದೆ. ಒಂದೇ ಕೆರೆಯ ನೀರು, ಮೂರು ದೇವಸನ್ನಿಧಿ! ಅವನ ಸಾಮಂತ ನಿಂಬದೇವನು ಕೊಲ್ಹಾಪುರದ ಕವಡೆಗೊಳ್ಳದ ಸಂತೆಯಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅದಕ್ಕೆ ಅಯ್ಯಾವೊಳೆಯ ಐನೂರ್ವರ ಸಂಘಕ್ಕೆ ಸೇರಿದ ವರ್ತಕರು 1135ರಲ್ಲಿ ತಮ್ಮ ಸರಕಿನ ಒಂದೊಂದು ಪಾಲನ್ನು ಬಿಟ್ಟುಕೊಟ್ಟರು. ಅರಸನ ಔದಾರ್ಯಕ್ಕೆ ಸಂತೆಯ ಔದಾರ್ಯವೂ ಕೂಡಿಕೊಂಡ ಕಾಲವದು.

ಗಂಡರಾದಿತ್ಯನ ಮಗ ವಿಜಯಾದಿತ್ಯ ಬೇರೆ ದಾರಿ ಹಿಡಿದನು. ಚಾಲುಕ್ಯ ಸಿಂಹಾಸನವನ್ನು ಕಸಿಯಲು ಕಳಚುರಿ ಬಿಜ್ಜಳನಿಗೆ ನೆರವಾದನು. ಮೇಲಣ ಛತ್ರ ಹರಿಯಿತು. ಅವನ ಮಗ ಇಮ್ಮಡಿ ಭೋಜನು ಯಾರಿಗೂ ತಲೆಬಾಗದೆ ರಾಜಾಧಿರಾಜ, ಪರಮೇಶ್ವರ, ಪಶ್ಚಿಮಚಕ್ರವರ್ತಿ ಎಂಬ ಬಿರುದುಗಳನ್ನು ಧರಿಸಿದನು. ಸೋಮದೇವನು 1205ರಲ್ಲಿ ಆಜರೆಯ ಬಸದಿಯಲ್ಲಿ ಕುಳಿತು ಶಬ್ದಾರ್ಣವಚಂದ್ರಿಕೆ ಎಂಬ ವ್ಯಾಕರಣಗ್ರಂಥವನ್ನು ಮುಗಿಸಿದುದು ಈ ಭೋಜನ ಆಳಿಕೆಯಲ್ಲಿಯೇ. ಬಸದಿಯನ್ನು ಕಟ್ಟಿಸಿದವನು ಗಂಡರಾದಿತ್ಯ.

ಆದರೆ ಬಿರುದು ಬೆಳೆದಷ್ಟು ಬಲ ಬೆಳೆಯಲಿಲ್ಲ. ಉತ್ತರದಿಂದ ಯಾದವರು, ದಕ್ಷಿಣದಿಂದ ಹೊಯ್ಸಳರು ಚಾಲುಕ್ಯರ ನಾಡನ್ನು ಹಂಚಿಕೊಳ್ಳುತ್ತಿದ್ದ ಸಮಯ. ನಡುವೆ ಸಿಕ್ಕ ಸಣ್ಣ ರಾಜ್ಯಕ್ಕೆ ಆಸರೆಯಾಗಬಲ್ಲ ಒಡೆಯನಿರಲಿಲ್ಲ. 1212ರ ಸುಮಾರಿಗೆ ಸಿಂಘಣನು ಭೋಜನನ್ನು ಸೋಲಿಸಿ ಪನ್ಹಾಳೆಯ ದುರ್ಗವನ್ನು ವಶಪಡಿಸಿಕೊಂಡನು. ಪನ್ಹಾಳೆಯ ಭೋಜನೆಂಬ ಸರ್ಪಕ್ಕೆ ತಮ್ಮ ದೊರೆ ಗರುಡನೆಂದು ಯಾದವ ಶಾಸನಗಳು ಹೊಗಳಿದವು. ಗರುಡಧ್ವಜದ ವಂಶವೇ ಕೊನೆಗೆ ಗರುಡನಿಗೆ ತುತ್ತಾದ ಸರ್ಪವೆನಿಸಿಕೊಂಡಿತು! ಸಾಮಂತರಾಗಿ ತಲೆಮಾರುಗಳ ಕಾಲ ಬಾಳಿದವರು ಚಕ್ರವರ್ತಿಗಳಾಗಿ ಒಂದೇ ತಲೆಮಾರು ಉಳಿದರು.

ಚೀನಾದಲ್ಲಿ ಅಳಿದ ರಾಜವಂಶದ ಚರಿತ್ರೆಯನ್ನು ಅನಂತರ ಬಂದ ವಂಶವೇ ಬರೆಯಿಸುವ ಸಂಪ್ರದಾಯವಿತ್ತು. ಶಿಲಾಹಾರರ ಚರಿತ್ರೆಯನ್ನು ಯಾದವರು ಬರೆಯಿಸಲಿಲ್ಲ. ಅದನ್ನು ಕಾಯ್ದಿಟ್ಟವು ಊರೂರಿನ ಕಲ್ಲುಗಳು. ಅವುಗಳಲ್ಲಿ ಹಲವು ಕನ್ನಡ ಅಕ್ಷರಗಳನ್ನು ಹೊತ್ತಿವೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಈ ಸೀಮೆಯ ಶಾಸನಗಳನ್ನು ಅರಸಿ, ಓದಿ, 1939ರಲ್ಲಿ ಗ್ರಂಥರೂಪಕ್ಕೆ ತಂದರು. ಓದಬಲ್ಲವರೊಬ್ಬರು ಇದ್ದುದರಿಂದ ಕಲ್ಲು ಮಾತನಾಡಿತು.

ಪಶ್ಚಿಮಚಕ್ರವರ್ತಿಯ ಬಿರುದು ಇಂದು ಯಾರ ಉಪಯೋಗಕ್ಕೂ ಇಲ್ಲ. ಕೆರೆ, ಬಸದಿ, ಗುಡಿ, ವ್ಯಾಕರಣಗಳೆಂದು ಆ ಅರಸರು ನಾಡಿಗೆ ಕೊಟ್ಟುದರ ನೆನಪು ಮಾತ್ರ ಉಳಿದಿದೆ. ನೂರು ವರ್ಷಗಳಿಂದ ನಮ್ಮ ಶಾಲೆ ಮಕ್ಕಳ ಕೈಹಿಡಿದು ತಿದ್ದಿಸಿದ್ದೂ ಆ ಕಲ್ಲುಗಳ ಅಕ್ಷರವನ್ನೇ. ಇಲ್ಲಿ ಕನ್ನಡ ಓದುವ ಮಕ್ಕಳು ಇಲ್ಲವಾದರೆ ಶಿಲಾಹಾರರು ಎರಡನೆಯ ಬಾರಿ ಅಳಿಯುತ್ತಾರೆ. ಆಗ ಅವರನ್ನು ಅಳಿಸಿದವರು ಯಾದವರಲ್ಲ, ನಾವೇ ಆಗುತ್ತೇವೆ.