ಜೇನುಮದ್ಯ

ಜೇನುತುಪ್ಪಕ್ಕೆ ನೀರು ಬೆರೆಸಿ ಹುಳಿಯಿಸಿದ ಪಾನೀಯ, ಇಂಗ್ಲಿಷಿನಲ್ಲಿ ಮೀಡ್. ಸಂಸ್ಕೃತದ ‘ಮಧು’, ಗ್ರೀಕಿನ ‘ಮೆಥು’, ಈ ‘ಮೀಡ್’ ಮೂರೂ ಒಂದೇ ಬೇರಿನ ಮಾತುಗಳು. ‘ಮದ್ಯ’ ಮಾತ್ರ ಬೇರೆ. ಅದು ‘ಮದ’ದ ಕುಲಕ್ಕೆ ಸೇರಿದ್ದು. ಚೀನಾದ ಜಿಯಾಹುವಿನಲ್ಲಿ ಸಿಕ್ಕ, ಸುಮಾರು 9000 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ಅಕ್ಕಿ, ಜೇನು, ಹಣ್ಣು ಕೂಡಿಸಿ ಹುಳಿಯಿಸಿದ ಗುರುತಿದೆ. ಇಥಿಯೋಪಿಯಾದ ಮನೆಗಳಲ್ಲಿ ಗೆಶೊ ಗಿಡದ ಎಲೆ ಹಾಕಿ ಮಾಡುವ ತೆಜ್ ಎಂಬ ಜೇನುಮದ್ಯ ಇಂದಿಗೂ ಬಳಕೆಯಲ್ಲಿದೆ.

ಚೆನ್ನಾಗಿ ಮಾಗಿದ ಜೇನು ಹುಳಿಯುವುದಿಲ್ಲ. ಸಕ್ಕರೆ ಸಾಂದ್ರವಾಗಿದ್ದು ನೀರಿನಂಶ ಶೇ. 17ಕ್ಕಿಂತ ಕಡಿಮೆಯಿದ್ದರೆ ಯೀಸ್ಟ್ ಅದರಲ್ಲಿ ಬೆಳೆಯದು. ಮೈಸೂರು ಜಿಲ್ಲೆಯ ಹುಣಸೂರು, ಎಚ್.ಡಿ. ಕೋಟೆಯ ಕಾಡಿನ ಹೆಜ್ಜೇನು ಹಾಗಲ್ಲ. ಎತ್ತರದ ಮರದ ಕೊಂಬೆಗೆ ಬಯಲಲ್ಲೇ ಕಟ್ಟುವ ಒಂಟಿ ಹಲ್ಲೆಯ ಈ ತುಪ್ಪ ತೆಳು. ಇಟ್ಟಲ್ಲೇ ನೊರೆ ಎದ್ದು ಹುಳಿವಾಸನೆ ಬರುವುದುಂಟು. ಜೇನುಮದ್ಯ ಮೊದಲು ಹುಟ್ಟಿದ್ದೂ ಹೀಗೆ, ನೀರು ತಾಗಿದ ಜೇನು ತಾನಾಗಿ ಉಕ್ಕಿದಾಗಲೇ ಇರಬೇಕು. ರಾತ್ರಿ ಮರ ಹತ್ತಿ, ಹೊಗೆ ಹಾಕಿ ಹುಳು ಎಬ್ಬಿಸಿ ಜೇನು ಇಳಿಸುವ ಜೇನುಕುರುಬರ ಕುಲದ ಹೆಸರೇ ಈ ಕಸುಬಿನದು. ಅವರ ಜೇನನ್ನು ಕೊಳ್ಳಲು ಎರಡೂ ತಾಲ್ಲೂಕುಗಳಲ್ಲಿ ಆದಿವಾಸಿಗಳ ವಿವಿಧೋದ್ದೇಶ (ಲ್ಯಾಂಪ್ಸ್) ಸಹಕಾರ ಸಂಘಗಳಿವೆ.

ಜೇನಿನ ನಾಡಾದರೂ ಇಲ್ಲಿ ಅದನ್ನು ಕುಡಿಯುವ ಮದ್ಯವಾಗಿ ನೋಡಿದವರು ಕಡಿಮೆ. ಅಪಾಯದ ಕೆಲಸದಿಂದ ಬರುವ ಜೇನು ಪಂಚಾಮೃತಕ್ಕೆ, ಮದ್ದಿಗೆ ಮೀಸಲು, ಹೆಂಡಕ್ಕೆ ಈಚಲಿತ್ತು. ಧರ್ಮದ ತಡೆಯೂ ಇತ್ತು. ಕೆ.ಆರ್. ನಗರ ಸೀಮೆಯ ಚಿಕ್ಕಹನಸೋಗೆ ಹಳೆಯ ಜೈನಕೇಂದ್ರ. ಜೈನ ಶ್ರಾವಕ ಬಿಡಬೇಕಾದವುಗಳಲ್ಲಿ ಮದ್ಯ, ಮಾಂಸಗಳ ಜೊತೆ ಮಧುವೂ ಸೇರಿದೆ. ಹುಳುವಿನ ಹಿಂಸೆಯಿಂದ ಬಂದ ಜೇನೇ ವರ್ಜ್ಯವಾದಾಗ ಜೇನುಮದ್ಯದ ಮಾತೆಲ್ಲಿ?

ಹುಳಿಯಿಸಿದ ಜೇನು ಉಳಿದದ್ದು ಆಯುರ್ವೇದ ಪಂಡಿತರ ಭರಣಿಯಲ್ಲಿ. ಚರಕಸಂಹಿತೆ ಪ್ರಮೇಹಕ್ಕೆ ಮಧ್ವಾಸವವನ್ನು ಹೇಳುತ್ತದೆ. ಹುಳಿಯಿಸಿದ ಮದ್ದುಗಳಾದ ಆಸವ, ಅರಿಷ್ಟಗಳ ವಿಧಾನವನ್ನು ಗಮನಿಸಿ: ತುಪ್ಪ ಸವರಿದ ಮಡಕೆಗೆ ಕಷಾಯವನ್ನೋ ನೀರನ್ನೋ ಸುರಿದು, ಜೇನು ಇಲ್ಲವೆ ಬೆಲ್ಲ, ಮೇಲೆ ಧಾತಕಿ ಹೂವು ಹಾಕಿ, ಬಾಯಿ ಮುಚ್ಚಿ ಇಡುವುದು. ಯೀಸ್ಟ್ ಎಂಬ ಹೆಸರು ತಿಳಿಯುವ ಮೊದಲೇ ಹೂವಿನೊಡನೆ ಅದನ್ನು ಮಡಕೆಗೆ ಇಳಿಸಿದ ಈ ಜಾಣ್ಮೆ ನಮ್ಮ ಜೇನುಮದ್ಯದ ನಿಜವಾದ ಪರಂಪರೆ.

ಇಂದಿನ ಹವ್ಯಾಸಿಗಳು ಒಂದು ಅಳತೆ ಜೇನಿಗೆ ಮೂರು ಅಳತೆ ನೀರು ಬೆರೆಸಿ ಯೀಸ್ಟ್ ಹಾಕುತ್ತಾರೆ. ಯೀಸ್ಟಿಗೆ ಬೇಕಾದ ಸಾರಜನಕ ಜೇನಿನಲ್ಲಿ ತೀರ ಕಡಿಮೆ. ಆದ್ದರಿಂದ ಹುದುಗು ನಿಧಾನ, ರುಚಿ ಕೂಡಲು ತಿಂಗಳುಗಳೇ ಬೇಕು. ಪುಣೆಯ ಮೂನ್‌ಶೈನ್ ಮೀಡರಿ 2018ರಿಂದ ಜೇನುಮದ್ಯವನ್ನು ಬಾಟಲಿಯಲ್ಲಿ ಮಾರುತ್ತಿದೆ. ಪಿರಿಯಾಪಟ್ಟಣದ ಪಕ್ಕದ ಕೊಡಗಿನಲ್ಲಿ ಹಣ್ಣಿನ ಮನೆವೈನ್ ಹೆಸರುವಾಸಿ. ಆದರೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.